ಸ್ಲೋದಲ್ಲಿ ನಿಲ್ಲದ ಗಾಡಿ

ಮನೆ, ಇಸ್ತ್ರಿ ಮೇಜು
ಭಾನುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಅಕ್ಕನ ಮನೆ ಮೂರನೇ ಮಹಡಿಯಲ್ಲಿ ಎಂದು ನೆನೆದಾಗಲೆಲ್ಲ ನನ್ನ ಮಂಡಿಯೇ ನೋಯುತ್ತದೆ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಅಥವಾ ಸೀಸೆಯನ್ನು ಕಿಟಕಿಯಲ್ಲಿಟ್ಟು ನೋಡುತ್ತಾ ಕೂತಿದ್ದೀಯೋ? ಅಕ್ಕ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳಾ? ಭಾವನ ಕೆಮ್ಮು ವಾಸಿಯಾಯಿತಾ? ಮಗುವಿಗೆ ಕೆಳಗಿನ ಎರಡು ಹಲ್ಲು ಬಂದವು, ಮೊದಲು ಕಚ್ಚಿದ್ದು ನಿನ್ನ ಬೆರಳನ್ನೇ ಎಂದು ನೀನು ಬರೆದದ್ದನ್ನು ಓದಿ ಅಪ್ಪ ಎರಡು ಸಲ ನಕ್ಕರು. ನಾನು ಒಂದೇ ಸಲ ನಕ್ಕೆ. ಯಾಕೆಂದರೆ ನೀನು ಹೊರಟದ್ದು ಆ ಮಗು ಹುಟ್ಟುವ ಹೊತ್ತಿಗೆ ಅಕ್ಕನ ಹತ್ತಿರ ಇರಬೇಕು ಎಂದು. "ಹದಿನೈದು ದಿನ, ಹೆಚ್ಚಂದ್ರೆ ಒಂದು ತಿಂಗಳು" ಎಂದು ಹೇಳಿ ಹೋದವಳು ನೀನು. ಈಗ ಅದಕ್ಕೆ ಹಲ್ಲು ಬಂದಿದೆ. ಇನ್ನು ಅದು ಶಾಲೆಗೆ ಸೇರಿ, ಓದು ಮುಗಿಸಿ, ಕೆಲಸ ಹಿಡಿದು... ಬಿಡು, ಇದು ಜಗಳದ ಪತ್ರವಲ್ಲ. ಜಗಳಕ್ಕೆ ಬೇರೆ ಹಾಳೆ ತೆಗೆದಿಟ್ಟಿದ್ದೇನೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನಿಗೆ ಹಸಿವು, ನಿದ್ದೆ, ಸಿಟ್ಟು ಮೂರೂ ಹೊತ್ತುಹೊತ್ತಿಗೆ ಬರುತ್ತಿವೆ. ಇಸ್ತ್ರಿಯಮ್ಮ ಪೆಟ್ಟಿಗೆ ಬಿಸಿಯಾಗುವ ಮೊದಲು ದಿನಾ ನಿನ್ನ ಸುದ್ದಿ ಕೇಳುತ್ತಾಳೆ. ನೀನಿಲ್ಲದೆ ಅವಳಿಗೆ ಬೈಯಲು ಯಾರೂ ಸಿಗದೆ ಬಾಯಿ ಚಪ್ಪೆಯಾಗಿದೆಯಂತೆ. ಹೋದ ತಿಂಗಳು ಒಂದು ಎಡವಟ್ಟಾಯಿತು. ನಿನ್ನ ಹೂವಿನ ದಿಂಬಿನ ಚೀಲಕ್ಕೆ ಗುರುತಿನ ದಾರ ಕಟ್ಟುವುದನ್ನು ಮರೆತಿದ್ದೆ, ಅದು ನಮ್ಮಲ್ಲಿ ಒಗೆಯಲು ಬಂದಿದ್ದ ಆಸ್ಪತ್ರೆಯ ಮೂಟೆ ಸೇರಿ ಹೋಗಿಬಿಟ್ಟಿತು. ಯಾವನೋ ರೋಗಿ ಅದರ ಮೇಲೆ ತಲೆಯಿಟ್ಟು ಮಲಗಿ, ಗುಣವಾಗಿ ಮನೆಗೆ ಹೋದ ಮೇಲೆ ವಾಪಸು ಬಂತು. ಅಂದಿನಿಂದ ಗುರುತು ಕಟ್ಟುವ ಕೆಲಸವನ್ನು ಅಪ್ಪ ತಾವೇ ಹಿಡಿದಿದ್ದಾರೆ. ಆಸ್ಪತ್ರೆಯದಕ್ಕೆ ಕೆಂಪು ದಾರ, ಹೋಟೆಲಿನದಕ್ಕೆ ನೀಲಿ, ಕ್ಷೌರದಂಗಡಿಯ ಟವೆಲುಗಳಿಗೆ ಹಸಿರು, ನಮ್ಮ ಮನೆಯ ಚಾದರ ದಿಂಬುಗಳಿಗೆ ಬಿಳಿ ದಾರದಲ್ಲಿ ನೀನು ಹೇಳಿಕೊಟ್ಟ ಆ ಗಂಟು. ಸುತ್ತಿ, ಒಳಗೆ ತೂರಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ತೂರಿಸುವುದು. ಬಿಚ್ಚಲು ಬಾರದ ಗಂಟು, ಬೇಕಾದರೆ ಕತ್ತರಿಸಬೇಕು. ಮೈಮೇಲಿನ ಬಟ್ಟೆಯನ್ನು ಮಾತ್ರ ಇವತ್ತಿಗೂ ಬಕೆಟ್ಟಿನಲ್ಲಿ ಬೇರೆಯಾಗಿಯೇ ಒಗೆಯುತ್ತೇನೆ, ಅದಕ್ಕೆ ದಾರ ಇಲ್ಲ. ನಿನ್ನ ಕಟ್ಟಳೆ ಮುರಿದಿಲ್ಲ, ನೋಡು. ಆದರೆ ಅಪ್ಪನ ದಪ್ಪ ಬೆರಳುಗಳಿಗೆ ಆ ಗಂಟಿನ ಹುಚ್ಚು ಹಿಡಿದಿದೆ. ಸೋಪಿನ ಪುಡಿಯ ಚೀಲದ ಬಾಯಿಗೂ ಅದೇ, ಕಿಟಕಿಯ ಪರದೆಗೂ ಅದೇ, ಮೊನ್ನೆ ತಮ್ಮ ಬೂಟಿಗೂ ಅದನ್ನೇ ಹಾಕಿಕೊಂಡು ಸಂಜೆ ಕತ್ತರಿ ತಾ ಎಂದು ನನ್ನನ್ನೇ ಕರೆದರು.

ಈಗ ಗಾಡಿಯ ವಿಷಯ. ನಮ್ಮ ಮುದುಕಿ ಹಾಗೇ ಇದ್ದಾಳೆ. ಓಡುವಾಗ ಹುಡುಗಿ, ನಿಂತರೆ ಮುದುಕಿ. ಆಕ್ಸಿಲರೇಟರ್ ಒತ್ತಿದರೆ ಮೂಟೆಗಳನ್ನು ಹೊತ್ತು ಏರನ್ನೂ ಹತ್ತುತ್ತಾಳೆ; ಕಾಲು ತೆಗೆದು ಸ್ಲೋದಲ್ಲಿ, ಎಂಜಿನ್ ತಾನಾಗಿ ಉರಿಯಲಿ ಎಂದು ಬಿಟ್ಟರೆ ಮೈಯೆಲ್ಲ ನಡುಗಿ, ಕೆಮ್ಮಿ, ಆಫ್ ಆಗಿಬಿಡುತ್ತಾಳೆ. ಬಿಸಿಯಲ್ಲಿ ಒಮ್ಮೆ ಆಫ್ ಆದರೆ ಹಿಂದಿನಿಂದ ತಳ್ಳದೆ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಗಾಡಿ ನಿಂತಲ್ಲೆಲ್ಲ ಒಬ್ಬರು ಪೆಡಲಿನ ಮೇಲೆ ಕಾಲಿಟ್ಟುಕೊಂಡು ಕೂರಲೇಬೇಕು. ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಹೊರಡುವ ಮುಂಚೆ ಕೆಲವು ವಾರ ಆ ಕೆಲಸ ನಿನ್ನದೇ ಆಗಿತ್ತು. ನೀನು ಎದ್ದೆ, ನಾನು ಕೂತೆ. ಓಡಿಸುವುದು ಅಪ್ಪ, ಸ್ಟೀರಿಂಗನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ನಿಲ್ಲಿಸಿದ ಕೂಡಲೇ ಅವರು ಇಳಿಯುತ್ತಾರೆ, ನಾನು ಪಕ್ಕದಿಂದ ಜಾರಿ ಅವರ ಜಾಗದಲ್ಲಿ ಕೂತು ಕಾಲಿಡುತ್ತೇನೆ. ಅವರು ಒಗೆದದ್ದನ್ನು ಇಳಿಸಿ, ಕೊಳೆಯನ್ನು ಎತ್ತಿಕೊಂಡು, ಕಂಡವರನ್ನೆಲ್ಲ ಮಾತಾಡಿಸಿ ಬರುವವರೆಗೆ ನಾನು ಅಲ್ಲಾಡುವ ಹಾಗಿಲ್ಲ. ಎಂಜಿನ್ ಸೀಟಿನ ಕೆಳಗೇ ಇರುವುದರಿಂದ ಒಲೆಯ ಮೇಲೆ ಕೂತ ಹಾಗೆ ಇರುತ್ತದೆ. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಗೋಡೆ ಎಷ್ಟು ಹತ್ತಿರವೆಂದರೆ ನನ್ನ ಕಡೆಯ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎದುರಿಗೆ ಯಾರೋ ಸುಣ್ಣದಲ್ಲಿ ದೊಡ್ಡ ಬಾಣ ಬರೆದು 'ದಾರಿ' ಎಂದು ಗೀಚಿದ್ದಾರೆ. ಬಾಣ ತೋರಿಸುವ ಕಡೆಗೂ ಗೋಡೆಯೇ ಇದೆ. ದಿನಾ ಅದನ್ನೇ ನೋಡುತ್ತೇನೆ. ಪುಸ್ತಕ ಹಿಡಿದು ಕೂತರೆ, ಕಥೆ ರುಚಿ ಹತ್ತಿದಾಗ ಕಾಲು ಸಡಿಲಾಗಿ ಮುದುಕಿ ಆಫ್. ಗಾಣದ ಎತ್ತಾದರೂ ಸುತ್ತು ಹಾಕುತ್ತದೆ ಅಮ್ಮಾ, ನಾನು ಕೂತಲ್ಲೇ ಕೂತಿದ್ದೇನೆ.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು, ನೀನು ಗಮನಿಸಿದ್ದೀಯೋ ಇಲ್ಲವೋ. ಮನೆಯಲ್ಲಿ ಅವರು ಮೂಗರು. ಊಟಕ್ಕೆ ಕೂತರೆ ಉಪ್ಪು ಬೇಕಾದರೂ ಬೆರಳಿನಲ್ಲಿ ತೋರಿಸುತ್ತಾರೆ. ನೀನು ಹೋದ ಮೇಲೆ ಆ ಬೆರಳಿನ ಮಾತೂ ಕಡಿಮೆಯಾಗಿದೆ. ಅದೇ ಗಾಡಿ ಹತ್ತಿ ಬೀದಿಯ ತಿರುವು ದಾಟಿದರೆ ಸಾಕು, ಬಾಯಿಗೆ ಚಕ್ರ ಬರುತ್ತದೆ. ಹುಡುಗನಾಗಿದ್ದಾಗ ನದಿಯಲ್ಲಿ ತೇಲಿಹೋದ ಚಾದರದ ಹಿಂದೆ ಈಜಿದ್ದು, ನೀನು ಮೊದಲ ಸಲ ಅವರ ಅಂಗಿಗೆ ಗಂಜಿ ಹಾಕಿ ತಗಡಿನ ಹಾಗೆ ಮಾಡಿಟ್ಟದ್ದು, ಅದನ್ನೇ ಹಾಕಿಕೊಂಡು ಅವರು ಕೈ ಮಡಚಲಾಗದೆ ಇಡೀ ದಿನ ತಿರುಗಿದ್ದು. ಇದೆಲ್ಲ ನನಗೆ ಗೊತ್ತಾದದ್ದು ಆ ಸೀಟಿನಲ್ಲಿ ಕೂತೇ. ಸುಳ್ಳು ಯಾಕೆ ಹೇಳಲಿ, ಗಾಡಿ ಓಡುವಷ್ಟು ಹೊತ್ತು ನನಗೂ ಹಿತವಾಗಿಯೇ ಇರುತ್ತದೆ. ನಿಂತಾಗಲೇ ಉಸಿರು ಕಟ್ಟುವುದು.

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ನನ್ನನ್ನು ತರಬೇತಿಗೆ ತೆಗೆದುಕೊಂಡಿದ್ದಾರೆ ಎಂದು ತಿಳಿದ ದಿನ ನೀನು ಫೋನಿನಲ್ಲಿ ಅತ್ತು, ಆಮೇಲೆ ನಕ್ಕು, "ಹೊರಡು, ಹಿಂದೆ ತಿರುಗಿ ನೋಡಬೇಡ" ಎಂದೆಯಲ್ಲ, ಆಗ ಫೋನಿನ ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಆ ಕುರ್ಚಿಯ ದೆಸೆಯಿಂದಲೇ ನಾನು ಇದನ್ನೆಲ್ಲ ಫೋನಿನಲ್ಲಿ ಹೇಳದೆ ಪತ್ರ ಬರೆಯುತ್ತಿರುವುದು. ಹಾಸ್ಟೆಲಿನಲ್ಲಿ ಜಾಗವನ್ನೂ ಕೊಟ್ಟಿದ್ದಾರೆ. ಬರುತ್ತೇನೋ ಇಲ್ಲವೋ ಎಂದು ಈ ಶನಿವಾರದೊಳಗೆ ತಿಳಿಸಬೇಕು, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ. ಅಪ್ಪ ಬೇಡ ಅನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಿಯಾದರೂ ಹೋಗುತ್ತಿದ್ದೆ, ನನ್ನನ್ನು ನೀನು ಸುಮ್ಮನೆ ಮೆಣಸು ಎಂದು ಕರೆಯುತ್ತೀಯಾ? ಅವರು ಇಸ್ತ್ರಿಯಮ್ಮನ ಎದುರಿಗೇ, "ಗಾಡಿ ಆಫ್ ಆಗದೆ ಸ್ಲೋದಲ್ಲಿ ತಾನಾಗಿ ನಿಂತ ದಿನ ನೀನು ಹೊರಡು. ನಾನು ತಡೆಯಲ್ಲ" ಎಂದರು. ಅಪ್ಪನ ಮಾತು ಎಂದರೆ ನಿನಗೆ ಗೊತ್ತು, ಪ್ರಾಣ ಬಿಟ್ಟಾರು, ಕೊಟ್ಟ ಮಾತಿಗೆ ತಪ್ಪಲಾರರು. ನ್ಯಾಯವೂ ಇತ್ತು. ನಾನು ಎದ್ದು ಹೋದರೆ ಪೆಡಲಿನ ಮೇಲೆ ಕಾಲಿಡುವವರು ಯಾರು? ಇಸ್ತ್ರಿಯಮ್ಮ ಹೋದರೆ ಇಸ್ತ್ರಿ ನಿಲ್ಲುತ್ತದೆ, ಗಾಡಿ ನಿಂತರೆ ಎಲ್ಲವೂ ನಿಲ್ಲುತ್ತದೆ. ಅಲ್ಲಿಗೆ ನನ್ನ ಹಣೆಬರಹ ಸೀಟಿನ ಕೆಳಗೆ ಬಂದು ಕೂತಿತು.

ಗಾಡಿ ಸರಿಮಾಡಿಸೋಣ ಎಂದರೆ ಅಪ್ಪ ಟೊಪ್ಪಿ ಮೇಸ್ತ್ರಿಯ ಗ್ಯಾರೇಜಿಗೆ ಹೋಗುವುದಿಲ್ಲ. ಇವಳನ್ನು ತೂಕಕ್ಕೆ ಹಾಕಿ ಬೇರೆ ಗಾಡಿ ತಗೋ ಎಂದು ಅವನು ಹಿಂದೆ ಯಾವಾಗಲೋ ಅಂದಿದ್ದಕ್ಕೆ ಇವರಿಗೆ ಇನ್ನೂ ಸಿಟ್ಟಿದೆ. ನಾನು ನೋಡುತ್ತೇನೆ ಎಂದರೆ, ಇರೋದೂ ಕೆಟ್ಟುಹೋಗುತ್ತೆ, ಮುಟ್ಟಬೇಡ ಎನ್ನುತ್ತಾರೆ. ಸಂಜೆ ತರಗತಿಗೆ ಹೋಗಿ ಎಂಜಿನ್ ಕಲಿತ ಮಗಳಿಗೆ ಹೇಳುವ ಮಾತು ಇದು. ಅವರು ಮಾಡುತ್ತಿದ್ದದ್ದು ಒಂದೇ, ಸ್ಕ್ರೂಡ್ರೈವರ್ ತಗೊಂಡು ಸ್ಲೋ ಸ್ಕ್ರೂ ಇನ್ನಷ್ಟು ತಿರುಗಿಸುವುದು. ಮುದುಕಿ ಸ್ವಲ್ಪ ಹೊತ್ತು ಅರಚುತ್ತಾಳೆ, ಪೆಟ್ರೋಲ್ ಕುಡಿಯುತ್ತಾಳೆ, ಮತ್ತೆ ಆಫ್. ಬಟ್ಟೆಯ ಕಲೆ ನೋಡಿ ನೀನು ಹೇಳುತ್ತಿದ್ದೆಯಲ್ಲ, "ಯಾವ ಕಲೆ ಅಂತ ಗೊತ್ತಾಗೋ ಮುಂಚೆ ಸೋಪು ಹಾಕಬೇಡ" ಎಂದು, ಆ ಮಾತು ಅಪ್ಪನ ಕಿವಿಗೆ ಬಿದ್ದಿಲ್ಲ. ನನ್ನ ಕಿವಿಗೆ ಬಿದ್ದಿತ್ತು.

ಹೋದ ಭಾನುವಾರ ಅಪ್ಪ ಎಂದಿನಂತೆ ಕ್ಷೌರಕ್ಕೆ ಹೋಗಿ, ಅಲ್ಲಿಂದ ಹಾಗೇ ಇಸ್ಪೀಟಿಗೆ ಹೋದರು. ಅವರು ತಿರುವು ದಾಟಿದ್ದೇ ತಡ, ನಾನು ಸೀಟು ಎತ್ತಿದೆ. ಇಸ್ತ್ರಿಯಮ್ಮನನ್ನು ಪಕ್ಕದಲ್ಲಿ ಕೂರಿಸಿ ಪೆಡಲ್ ಒತ್ತಲು ಹೇಳಿದೆ. ಅವಳು ದೇವರನ್ನು ನೆನೆದು ಎರಡೂ ಕಾಲು ಇಟ್ಟು ಒತ್ತಿದ ರಭಸಕ್ಕೆ ಹಿತ್ತಲಿನ ಕೋಳಿಗಳು ಗೋಡೆ ಹಾರಿದವು. ಮೊದಲು ಪ್ಲಗ್ಗು ತೆಗೆದು ನೋಡಿದೆ, ಕಿಡಿ ಸರಿಯಾಗಿತ್ತು. ಆಮೇಲೆ ಚೋಕ್ ಎಳೆದು ನೋಡಿದೆ. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಹೋಗುತ್ತದೆ, ಆಗ ಮುದುಕಿ ನಡುಗದೆ ನಿಂತಳು. ಅಂದರೆ ಸ್ಲೋದಲ್ಲಿ ಅವಳಿಗೆ ಸಿಗಬೇಕಾದಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಎಲ್ಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿರಬೇಕು, ಇಲ್ಲವೇ ಕಾರ್ಬೊರೇಟರಿನಲ್ಲಿ ಕಸ ಕಟ್ಟಿರಬೇಕು. ನಮ್ಮ ಮನೆಯಲ್ಲಿ ಸೋಪಿನ ನೀರಿಗೆ ಬರವೇ? ರಬ್ಬರ್ ಪೈಪುಗಳ ಮೇಲೆ, ಜೋಡಣೆಗಳ ಮೇಲೆ ಚಿಮುಕಿಸಿದೆ. ಗಾಳಿ ಎಳೆಯುತ್ತಿದ್ದರೆ ನೊರೆ ಒಳಗೆ ಹೋಗಿ ಸದ್ದು ಬದಲಾಗಬೇಕಿತ್ತು. ಬದಲಾಗಲಿಲ್ಲ. ಉಳಿದದ್ದು ಕಾರ್ಬೊರೇಟರ್ ಒಂದೇ.

ಅದನ್ನು ಬಿಚ್ಚಿ ಇಸ್ತ್ರಿ ಮೇಜಿನ ಮೇಲೆ, ಈಗ ಈ ಪತ್ರ ಬರೆಯುತ್ತಿರುವ ಜಾಗದಲ್ಲೇ ಇಟ್ಟೆ. ಕೆಳಗಿನ ಬಟ್ಟಲು ತೆಗೆದರೆ ತಳದಲ್ಲಿ ಕಂದು ಬಣ್ಣದ ಗಸಿ, ಅದರ ಮೇಲೆ ತೆಳ್ಳಗೆ ಹಾಸಿದ ಹಾಗೆ ನೂಲಿನ ಧೂಳು. ಇಷ್ಟು ವರ್ಷ ಊರಿನವರ ಟವೆಲು ಚಾದರ ಹೊತ್ತ ಗಾಡಿ, ಬಟ್ಟೆಯಿಂದ ಉದುರಿದ್ದನ್ನೆಲ್ಲ ಉಸಿರಿನ ಜೊತೆ ನುಂಗಿದೆ. ಫಿಲ್ಟರ್ ಅಂತೂ ಹಳೆಯ ಕಂಬಳಿಯಾಗಿತ್ತು. ಸ್ಲೋ ಜೆಟ್ ಎಂದು ಒಂದಿದೆ, ಹಿತ್ತಾಳೆಯದು, ಸೂಜಿಯ ಕಣ್ಣಿಗಿಂತ ಸಣ್ಣ ತೂತು. ಗಾಡಿ ನಿಂತಿರುವಾಗ ಪೆಟ್ರೋಲ್ ಬರುವುದು ಆ ತೂತಿನಿಂದ. ಅದನ್ನು ಕಿಟಕಿಗೆ ಹಿಡಿದು ನೋಡಿದೆ, ಕತ್ತಲೆ. ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ ಎಂದು ಕಲಿಸಿದ್ದರು; ಥಿನ್ನರಿನಲ್ಲಿ ನೆನೆಹಾಕಿ, ಸೈಕಲ್ ಪಂಪಿನಿಂದ ಊದಿದೆ. ಮೂರನೆಯ ಸಲ ಹಿಡಿದಾಗ ಇಡೀ ಕಿಟಕಿ ಆ ತೂತಿನಲ್ಲಿ ಬೆಳಕಿನ ಚುಕ್ಕಿಯಾಗಿ ಕಂಡಿತು. ನನಗೆ ಕುಣಿಯಬೇಕು ಅನ್ನಿಸಿತು ಅಮ್ಮಾ. ಎಲ್ಲ ಒರೆಸಿ ಜೋಡಿಸಿ, ಅಪ್ಪ ತಿರುಗಿಸಿ ತಿರುಗಿಸಿ ಹಾಳು ಮಾಡಿದ್ದ ಸ್ಕ್ರೂವನ್ನು ಮೊದಲಿನಿಂದ ಹೊಂದಿಸಿದೆ. ಮುದುಕಿ ಸ್ಲೋದಲ್ಲಿ ನಿಂತಳು. ಇಸ್ತ್ರಿಯಮ್ಮ ಎರಡೂ ಕಾಲು ಮೇಲೆತ್ತಿಕೊಂಡು ಕೂತಳು, ಆದರೂ ನಿಂತಳು.

ಸೋಮವಾರ ಬೆಳಗ್ಗೆ ಅಪ್ಪ ಸ್ಟಾರ್ಟ್ ಮಾಡಿದರು. ಸದ್ದು ಕೇಳಿ ಒಂದು ಕ್ಷಣ ತಲೆ ಓರೆ ಮಾಡಿದರು, ನನ್ನ ಕಡೆ ನೋಡಿದರು. ಕಾರ್ಬೊರೇಟರ್ ಬಿಚ್ಚಿ ತೊಳೆದೆ ಎಂದೆ. "ಹೂಂ, ಕೈ ಚೆನ್ನಾಗಿದೆ" ಎಂದರು. ಅಷ್ಟೇ. ಆವತ್ತೂ ನನ್ನನ್ನು ಕರೆದುಕೊಂಡೇ ಹೋದರು, ಎರಡು ದಿನ ನೋಡೋಣ ಎಂದರು. ಸರಿ ಎಂದೆ. ಸೋಮವಾರ, ಮಂಗಳವಾರ ಎರಡೂ ದಿನ ನಾನು ಗಾಡಿಯಿಂದ ಇಳಿದು ಗಲ್ಲಿಯ ಬಾಯಿಯವರೆಗೆ ನಡೆದು, ಬೀದಿಯಲ್ಲಿ ಹೋಗುವವರನ್ನು ನೋಡುತ್ತಾ ನಿಂತಿದ್ದೆ. ಹೊರಡುವಾಗ ಯಾವ ಚೀಲ ತಗೊಳ್ಳಬೇಕು, ನಿನ್ನ ಹಳೆಯ ಸ್ವೆಟರ್ ತಗೊಳ್ಳಲೋ ಬೇಡವೋ, ಎಲ್ಲ ಮನಸ್ಸಿನಲ್ಲೇ ಮುಗಿದಿತ್ತು. ಬುಧವಾರ ಬೆಳಗ್ಗೆ ಮತ್ತೆ ಅದೇ ರೋಗ. ನಡುಕ, ಕೆಮ್ಮು, ಆಫ್. ಹೋಟೆಲಿನ ಗಲ್ಲಿಯಲ್ಲಿ ಅಪ್ಪ ಇಳಿದರು, ನಾನು ಜಾರಿ ಕೂತೆ, ಬಾಣ ಗೋಡೆಯನ್ನು ತೋರಿಸುತ್ತಿತ್ತು. ಆಗ ಬಂದ ಅಳುವನ್ನು ಹೋಟೆಲಿನವರ ಕೊಳೆ ಟವೆಲಿಗೇ ಒರೆಸಿದ್ದೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು.

ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಟ್ಯಾಂಕಿನ ತಳದಲ್ಲಿ ಇನ್ನೂ ಕಸ ಉಳಿದಿದ್ದು ಅದು ಇಳಿದು ಬಂದಿರಬಹುದು. ಹಾಗಿದ್ದರೆ ಟ್ಯಾಂಕ್ ಇಳಿಸಿ ತೊಳೆಯಬೇಕು, ಅದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಲ್ಲ, ಶನಿವಾರ ಕಾಯುವುದಿಲ್ಲ. ಹೇಳದೆ ಹೊರಟುಬಿಡಲೇ ಎಂದೂ ಯೋಚಿಸಿದೆ. ಆಮೇಲೆ ಅಪ್ಪ ಒಬ್ಬರೇ ಆ ಗಲ್ಲಿಯಲ್ಲಿ ಆಫ್ ಆದ ಗಾಡಿಯನ್ನು ತಳ್ಳುವುದು ಕಣ್ಣಿಗೆ ಕಟ್ಟುತ್ತದೆ. ನೀನು ಬಾ ಎಂದು ಬರೆಯಲೇ ಎಂದರೆ, ನನ್ನ ಕಾಲು ತೆಗೆಯಲು ನಿನ್ನ ಮಂಡಿಯನ್ನು ಅಲ್ಲಿ ಇಡಬೇಕು. ಅತ್ತ ದರಿ, ಇತ್ತ ಪುಲಿ, ನಡುವೆ ಬಿಸಿ ಸೀಟು. ನಿನ್ನ ಮೇಲೆ ನನಗೆ ಸಿಟ್ಟಿದೆ ಅಮ್ಮಾ, ಇಲ್ಲ ಎನ್ನುವುದಿಲ್ಲ. ನೀನು ಪ್ರತಿ ಪತ್ರದಲ್ಲಿ ಮುಂದಿನ ತಿಂಗಳು ಎಂದು ಬರೆಯುವಾಗ ನಿನ್ನ ಅಕ್ಷರ ಎಷ್ಟು ನೆಮ್ಮದಿಯಾಗಿರುತ್ತದೆ ಎಂದು ನನಗೆ ಕಾಣುತ್ತದೆ. ಅಲ್ಲಿ ನಿನಗೆ ಬೆಳಗ್ಗೆ ಯಾರ ಕೊಳೆಯೂ ಕಾಯುವುದಿಲ್ಲ, ಮಗುವಿನದೊಂದು ಬಿಟ್ಟರೆ. ಆ ಸಿಟ್ಟಿನಲ್ಲೂ, ನೀನಾದರೂ ಎದ್ದೆಯಲ್ಲ ಎಂದು ಒಂದು ಸಮಾಧಾನ.

ಈವತ್ತು ಇನ್ನೊಮ್ಮೆ ಬಿಚ್ಚಿ ನೋಡೋಣವೆಂದು ಬೆಳಗಿನಿಂದ ಹೊಂಚು ಹಾಕುತ್ತಿದ್ದೇನೆ. ಆದರೆ ಈ ಭಾನುವಾರ ಅಪ್ಪ ಕ್ಷೌರಕ್ಕೂ ಹೋಗಿಲ್ಲ, ಇಸ್ಪೀಟಿಗೂ ಹೋಗಿಲ್ಲ. ಆಟದವರು ಹೇಳಿ ಕಳಿಸಿದರೂ ಮೈ ಸರಿಯಿಲ್ಲ ಎಂದುಬಿಟ್ಟರು. ಮೈ ಕಲ್ಲಿನ ಹಾಗಿದೆ. ಊಟ ಮಾಡಿದವರೇ ಪೇಪರ್ ಹಿಡಿದುಕೊಂಡು ಹೋಗಿ ಗಾಡಿಯೊಳಗೆ, ಆ ಸೀಟಿನ ಮೇಲೇ ಕೂತರು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಇಲ್ಲಿಂದ ಕಾಣುತ್ತಿದ್ದಾರೆ: ಪೇಪರ್ ಎದೆಯ ಮೇಲೆ ಬಿದ್ದಿದೆ, ಬಾಯಿ ತೆರೆದಿದೆ, ಗೊರಕೆ ಶುರುವಾಗಿದೆ. ಕಾರ್ಬೊರೇಟರ್ ಅವರ ಕೆಳಗೆ. ಮಲಗಿದ ಅಪ್ಪನನ್ನು ಸೀಟಿನ ಸಮೇತ ಎತ್ತುವ ಜಾಕ್ ಯಾವ ವರ್ಕ್‌ಶಾಪಿನಲ್ಲೂ ಇರಲಾರದು. ಸಂಜೆ ಸ್ನಾನಕ್ಕೆ ಎದ್ದೇ ಏಳುತ್ತಾರೆ, ಆಗ ನೋಡುತ್ತೇನೆ.

ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು. ಮಗುವಿನ ಹೊಸ ಹಲ್ಲಿಗೆ ಚಿಕ್ಕಮ್ಮನ ಮುತ್ತು, ಇನ್ನಷ್ಟು ಕಚ್ಚು ಎಂದು ಹೇಳಿದ್ದಾಳೆ ಎನ್ನು. ಇಸ್ತ್ರಿಯಮ್ಮ ನಮಸ್ಕಾರ ಹೇಳಿದ್ದಾಳೆ. ಎಣ್ಣೆಯನ್ನು ಸೀಸೆಗಲ್ಲ, ಮಂಡಿಗೆ ಹಚ್ಚಿಕೋ. ನಿನ್ನ ಆಶೀರ್ವಾದ ಈ ವಾರ ಸ್ವಲ್ಪ ಹೆಚ್ಚಾಗಿಯೇ ಬೇಕು.

ನಿನ್ನ,
ಮೆಣಸು

ತಾ.ಕ.: ಸೋಮವಾರ. ಲಕೋಟೆ ಅಂಟಿಸುವ ಮುಂಚೆ, ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಗಾಡಿಯೊಳಗೇ ಕೂತು ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಅಪ್ಪ ಸ್ನಾನಕ್ಕೆ ಹೋದಾಗ ಸೀಟು ಎತ್ತಿದೆ. ಪೂರ್ತಿ ಬಿಚ್ಚುವ ಅಗತ್ಯ ಬೀಳಲಿಲ್ಲ, ಸ್ಲೋ ಜೆಟ್ ಹೊರಗಿನಿಂದಲೇ ಕಳಚಲು ಬರುತ್ತದೆ. ದೀಪಕ್ಕೆ ಹಿಡಿದೆ, ಕತ್ತಲೆ. ಆದರೆ ಕಸವಲ್ಲ. ಹಿಡಿದು ಎಳೆದರೆ ದಾರ ಬಂತು. ಬಿಳಿ ದಾರ. ಅದು ಜಾರಿ ಎಂಜಿನ್ನಿಗೆ ಹೋಗಬಾರದು ಎಂದು ತುದಿಗೆ ಗಂಟು ಹಾಕಿದ್ದಾರೆ, ಗಾಡಿಗೆ ಕೆಡುಕಾಗಬಾರದಲ್ಲ. ಹಾಕುವಾಗ ಕೈ ತನಗೆ ಅಭ್ಯಾಸವಾದ ಗಂಟನ್ನೇ ಹಾಕಿದೆ. ಸುತ್ತಿ, ತೂರಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ತೂರಿಸಿದ್ದು. ಕೊಟ್ಟ ಮಾತು ಮುರಿಯಲಾರದ ಮನುಷ್ಯ ಏನು ಮಾಡಿದ್ದಾರೆ ನೋಡು. ಕೈಯಲ್ಲಿದ್ದ ಸ್ಪ್ಯಾನರ್ ಎಸೆಯಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ, ಅಲ್ಲೇ ಕೂತು ಅತ್ತೆ. ಜೆಟ್ ಊದಿ ಜೋಡಿಸಿ, ಆ ದಾರವನ್ನು ಸ್ಟೀರಿಂಗಿನ ಮೇಲೆ ನೇತುಹಾಕಿ ಹೋಗಿ ಮಲಗಿದೆ.

ಬೆಳಗ್ಗೆ ಅಪ್ಪ ಬಂದು ಅದನ್ನು ನೋಡಿದರು. ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಮುದುಕಿ ಸ್ಟಾರ್ಟ್ ಆಗಿ ಸ್ಲೋದಲ್ಲಿ ತಣ್ಣಗೆ ನಿಂತಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ, ಗಾಡಿಯಲ್ಲಿ ಅಪ್ಪ ಮೂಗರಾದದ್ದು ಇದೇ ಮೊದಲು. ಈಗ ಒಳಗೆ ಹೋಗಿದ್ದಾರೆ. ಎಂಜಿನ್ ತಾನಾಗಿ ಉರಿಯುತ್ತಿದೆ, ನನ್ನ ಕಾಲಿಗೆ ಕೆಲಸವಿಲ್ಲ, ಬಾಗಿಲು ಪೂರ್ತಿ ತೆರೆದಿದೆ. ಆದರೂ ಅಮ್ಮಾ, ಇಳಿಯಲು ಆಗುತ್ತಿಲ್ಲ.

ಬಂದರು. ಮೂಟೆ ಹಿಂದೆ ಹಾಕಿ ನನ್ನ ಕಿಟಕಿಯ ಹತ್ತಿರ ನಿಂತು, ನನ್ನ ಮುಖ ನೋಡದೆ ಹೇಳಿದ್ದು ಇಷ್ಟೇ: "ಹಾಸ್ಟೆಲಲ್ಲಿ ಎಲ್ಲರ ಬಟ್ಟೆ ಒಟ್ಟಿಗೇ ಒಗೀತಾರೆ. ಸಂಜೆ ನಿನ್ನ ಬಟ್ಟೆಯೆಲ್ಲ ತಂದಿಡು, ಗುರುತು ಕಟ್ಟಿಕೊಡ್ತೀನಿ." ಮತ್ತೆ ಒಳಗೆ ಹೋದರು, ಇನ್ನೊಂದು ಮೂಟೆ ಇದೆಯಂತೆ. ಶನಿವಾರದೊಳಗೆ ಬರುತ್ತೇನೆ ಎಂದು ಡಿಪೋಗೆ ತಿಳಿಸುತ್ತೇನೆ. ಆದರೆ ಒಂದೊಂದು ಬಟ್ಟೆಗೂ ಬಿಚ್ಚಲು ಬಾರದ ಆ ಗಂಟು ಎಂದು ನೆನೆದರೆ, ಅಪ್ಪ ನನ್ನನ್ನು ಕಳಿಸುತ್ತಿದ್ದಾರೋ ಕಟ್ಟಿಹಾಕುತ್ತಿದ್ದಾರೋ ತಿಳಿಯುತ್ತಿಲ್ಲ. ಅದಕ್ಕೇ ನಿನ್ನನ್ನು ಒಂದು ಕೇಳಬೇಕು. ನೀನು ಹೊರಡುವಾಗ ಪೆಟ್ಟಿಗೆ ತುಂಬಿಕೊಟ್ಟದ್ದು ಅಪ್ಪನೇ ಅಲ್ಲವೇ? ನಿನ್ನ ಬಟ್ಟೆಗಳಿಗೂ ಬಿಳಿ ದಾರ ಕಟ್ಟಿದ್ದರಾ? ಕಟ್ಟಿದ್ದರೆ ನೀನು ಅದನ್ನು ಕತ್ತರಿಸಿದೆಯೋ, ಹಾಗೇ ಬಿಟ್ಟಿದ್ದೀಯೋ? ಬೇರೇನೂ ಬರೆಯದಿದ್ದರೂ ಪರವಾಗಿಲ್ಲ, ಅದೊಂದನ್ನು ಬರೆ.